ಎಂಜಿನ್ ಎಣ್ಣೆ ಬದಲಾವಣೆ: ಅವಧಿಯ ಇತಿಹಾಸ

ಮೋಟಾರು ಕಾರಿನ ಎಂಜಿನ್ನಿನೊಳಗಣ ಎಣ್ಣೆಯನ್ನೂ ಅದನ್ನು ಶೋಧಿಸುವ ಫಿಲ್ಟರನ್ನೂ ಎಷ್ಟು ದೂರ ಓಡಿದ ಬಳಿಕ ಬದಲಾಯಿಸತಕ್ಕದ್ದೆಂಬ ಪ್ರಶ್ನೆಗೆ ತಯಾರಕರು ಕೊಟ್ಟ ಉತ್ತರವು ಒಂದು ಶತಮಾನದೊಳಗೆ 500 ಮೈಲಿಯಿಂದ 30,000 ಕಿಲೋಮೀಟರಿನವರೆಗೆ ಏರಿದೆ. ಈ ಏರಿಕೆಯನ್ನು ಅವಿಚ್ಛಿನ್ನ ಪ್ರಗತಿಯಂತೆ ನಿರೂಪಿಸುವ ರೂಢಿಯುಂಟಾದರೂ ಅಮೆರಿಕದ ದಾಖಲೆಗಳು ಅದಕ್ಕೆ ಅನುಕೂಲವಾಗಿಲ್ಲ.

ಆರಂಭದ ಕಥೆ ಸುವಿದಿತ. ಪಿಸ್ಟನ್ನಿನ ಪಕ್ಕದಿಂದ ಇಳಿಯುವ ಸುಡದ ಪೆಟ್ರೋಲು, ದಹನದಲ್ಲಿ ಹುಟ್ಟುವ ನೀರಾವಿ, ಆಮ್ಲ, ಮಸಿ ಇವೆಲ್ಲ ಎಣ್ಣೆಯನ್ನು ಕೆಡಿಸುತ್ತಿದ್ದುದರಿಂದ ಫಿಲ್ಟರಿಲ್ಲದ ಫೋರ್ಡ್ ಮಾಡೆಲ್ ಎ ಕಾರಿಗೆ 500 ಮೈಲಿಗೊಮ್ಮೆ ಹೊಸ ಎಣ್ಣೆ ಬೇಕಾಗುತ್ತಿದ್ದಿತು. 1923ರಲ್ಲಿ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಮತ್ತು ಜಾರ್ಜ್ ಗ್ರೀನ್‌ಹಾಲ್ ರೂಪಿಸಿದ ಪ್ಯೂರೊಲೇಟರ್ ಮಾದರಿಯ ಫಿಲ್ಟರು ಎಣ್ಣೆಯ ಒಂದಂಶವನ್ನಷ್ಟೇ ಶೋಧಿಸುತ್ತಿದ್ದಿತು. ಹರಿಯುವ ಎಣ್ಣೆಯೆಲ್ಲವೂ ಫಿಲ್ಟರಿನ ಮೂಲಕವೇ ಹಾಯುವ ವ್ಯವಸ್ಥೆಯೂ, ಕೊಳೆಯನ್ನು ತಳಕ್ಕಿಳಿಯಗೊಡದೆ ತೇಲಿಸಿಡುವ ಡಿಟರ್ಜೆಂಟ್ ಎಣ್ಣೆಗಳೂ ಕಾರುಗಳಲ್ಲಿ ವ್ಯಾಪಕವಾದುದು ಎರಡನೆಯ ಮಹಾಯುದ್ಧದ ಅನಂತರ.

ವಿವಾದಕ್ಕೆ ಎಡೆಯಾಗಿರುವುದು 3,000 ಮೈಲಿಯ ಸುಪ್ರಸಿದ್ಧ ನಿಯಮ. ಇದು ಪುರಾತನ ಕಾರುಗಳ ಕಾಲದಿಂದ ಉಳಿದುಬಂದದ್ದೆಂದು ಕೆಲವರೂ, ತ್ವರಿತ ಸರ್ವಿಸ್ ಅಂಗಡಿಗಳವರು ಕಟ್ಟಿದ ವ್ಯಾಪಾರತಂತ್ರವೆಂದು ಮತ್ತೆ ಕೆಲವರೂ ಹೇಳುವರು. ಆದರೆ ಆ ಅಂಗಡಿಗಳು ಹೆಸರು ಮಾಡುವುದಕ್ಕೆ ಮೊದಲೇ, 1963ರ ಸುಮಾರಿಗೆ, ಫೋರ್ಡ್ ಸಂಸ್ಥೆಯು ವರ್ಷಕ್ಕೆರಡು ಸಲ ಅಥವಾ 6,000 ಮೈಲಿಗೊಮ್ಮೆ ಸರ್ವಿಸ್ ಸಾಕೆಂದು ಜಾಹೀರು ಮಾಡಿದ್ದಿತು. ಅದೇ ದಶಕದಲ್ಲಿ ಎರಡೂವರೆ ಲೀಟರು ಎಣ್ಣೆಯನ್ನೂ ತಂತಿಯ ಜಾಲರಿಯನ್ನೂ ಮಾತ್ರ ಹೊಂದಿದ್ದ ಫೋಕ್ಸ್‌ವಾಗನ್ ಬೀಟಲ್‌ಗೆ 3,000 ಮೈಲಿಯೇ ವಿಹಿತವಾಗಿದ್ದಿತು. ಮುಂದೆ ಅಮೆರಿಕದ ತಯಾರಕರು ಸಾಮಾನ್ಯ ಬಳಕೆಗೆ 7,500 ಮೈಲಿಯನ್ನೂ, ಧೂಳು, ಅಲ್ಪದೂರದ ಓಡಾಟ, ನಿಂತಲ್ಲೇ ಎಂಜಿನ್ ಓಡುವಿಕೆ ಮುಂತಾದ ಕಠಿನ ಬಳಕೆಗೆ 3,000 ಮೈಲಿಯನ್ನೂ ಬೇರೆ ಬೇರೆಯಾಗಿ ಮುದ್ರಿಸತೊಡಗಿದರು. ಆದುದರಿಂದ ಈ ಸಂಖ್ಯೆಯನ್ನು ಕಟ್ಟುಕಥೆಯೆನ್ನಲಾಗದು. ಷರತ್ತಿನೊಡನೆ ಹುಟ್ಟಿ ಷರತ್ತನ್ನು ಕಳೆದುಕೊಂಡು ಪ್ರಚಾರವಾದ ಸಂಖ್ಯೆಯೆನ್ನುವುದೇ ಸಮಂಜಸ. 1996ರಲ್ಲಿ ಕನ್ಸ್ಯೂಮರ್ ರಿಪೋರ್ಟ್ಸ್ ಪತ್ರಿಕೆಯು ನ್ಯೂಯಾರ್ಕಿನ ಟ್ಯಾಕ್ಸಿಗಳ ಎಂಜಿನ್ನುಗಳನ್ನು ಬಿಚ್ಚಿ ಪರೀಕ್ಷಿಸಿದಾಗ 3,000 ಮತ್ತು 6,000 ಮೈಲಿಗಳಿಗೊಮ್ಮೆ ಎಣ್ಣೆ ಬದಲಾಯಿಸಿದವುಗಳ ಸವೆತದಲ್ಲಿ ಗಣನೀಯ ಅಂತರ ಕಾಣಲಿಲ್ಲ. ದಿನವಿಡೀ ಬಿಸಿಯಾಗಿಯೇ ಓಡುವ ಟ್ಯಾಕ್ಸಿಯ ಎಂಜಿನ್ನಿನಲ್ಲಿ ನೀರೂ ಪೆಟ್ರೋಲೂ ಆವಿಯಾಗಿ ಹೋಗುವುವಾದ ಕಾರಣ ಈ ಫಲಿತಾಂಶವನ್ನು ತಣ್ಣಗಿರುವಾಗ ಚಾಲೂ ಮಾಡಿ ಪೇಟೆಗೆ ಹೋಗಿಬರುವ ಮನೆಯ ಕಾರಿಗೆ ಅನ್ವಯಿಸುವಲ್ಲಿ ಎಚ್ಚರ ಬೇಕು.

1970ರ ದಶಕದಲ್ಲಿ ಬಂದ ಸಿಂಥೆಟಿಕ್ ಎಣ್ಣೆಗಳು ಅವಧಿಯನ್ನು ಮತ್ತಷ್ಟು ಹಿಗ್ಗಿಸಿದುವು. 1988ರಲ್ಲಿ ಜನರಲ್ ಮೋಟಾರ್ಸ್ ತನ್ನ ಓಲ್ಡ್ಸ್‌ಮೊಬೀಲ್ ಕಾರುಗಳಲ್ಲಿ ಅಳವಡಿಸಿದ ಸೂಚಕವು ಮೈಲಿಯ ಬದಲು ಎಂಜಿನ್ನಿನ ಸುತ್ತುಗಳನ್ನೂ ಉಷ್ಣತೆಯನ್ನೂ ಲೆಕ್ಕವಿಟ್ಟು ಎಣ್ಣೆಯ ಆಯುಸ್ಸನ್ನು ಅಂದಾಜುಮಾಡಿತು. ಭಾರತದಲ್ಲಿ 5,000 ಕಿಲೋಮೀಟರಿನ ಹಳೆಯ ರೂಢಿಯು ಅನೇಕ ಗ್ಯಾರೇಜುಗಳಲ್ಲಿ ಉಳಿದಿದ್ದು, ಮಾರುತಿಯ ಈಚಿನ ಪೆಟ್ರೋಲ್ ಕಾರುಗಳಿಗೆ 10,000 ಕಿಲೋಮೀಟರು ಅಥವಾ ಒಂದು ವರ್ಷ, ಇವುಗಳಲ್ಲಿ ಮೊದಲು ಬಂದದ್ದು ನಿಗದಿಯಾಗಿದೆ. ಬೆಂಗಳೂರಿನ ವಾಹನದಟ್ಟಣೆಯಲ್ಲಿ ಎಂಜಿನ್ ಓಡುತ್ತಲೇ ಇದ್ದರೂ ಕಿಲೋಮೀಟರು ಕೂಡುವುದಿಲ್ಲವಾಗಿ ಅಲ್ಲಿಯ ಬಳಕೆ ಕಠಿನ ವರ್ಗಕ್ಕೆ ಸೇರುವುದು.

ಎಣ್ಣೆಯ ಫಿಲ್ಟರನ್ನು ಎರಡು ಬದಲಾವಣೆಗೊಮ್ಮೆ ತೆಗೆದರೆ ಸಾಕೆಂಬ ವಿಧಿ ಹಿಂದಿನ ಕೈಪಿಡಿಗಳಲ್ಲಿದ್ದಿತು. ಫಿಲ್ಟರು ಕಟ್ಟಿಕೊಂಡಾಗ ಎಂಜಿನ್ನಿಗೆ ಎಣ್ಣೆ ತಪ್ಪದಿರಲೆಂದು ಕವಾಟವೊಂದು ತೆರೆದುಕೊಂಡು ಶೋಧಿಸದ ಎಣ್ಣೆಯನ್ನೇ ಹರಿಯಬಿಡುವುದರಿಂದ ಈಗ ಎರಡನ್ನೂ ಒಟ್ಟಿಗೆ ಬದಲಾಯಿಸುವರು.