ಒಂದು ಸದ್ದು ಅಡಗಿದರೆ ಇನ್ನೊಂದು: ಫೋನೊ ಪ್ರಿಆಂಪ್ ನಡೆದು ಬಂದ ದಾರಿ

ರೆಕಾರ್ಡ್ ಪ್ಲೇಯರಿನ ತಂತಿಯನ್ನು ನೇರವಾಗಿ ಆಂಪ್ಲಿಫೈಯರಿನ ಆಕ್ಸ್ ಸಾಕೆಟ್ಟಿಗೆ ಚುಚ್ಚಿ ನೋಡಿ. ಹಾಡುವವರು ತಗಡಿನ ಡಬ್ಬದೊಳಗೆ ಕೂತಂತೆ ಕೇಳುತ್ತದೆ. ಮೃದಂಗದ ಎಡಭಾಗ ಮಾಯ, ತಾಳದ ಸದ್ದು ಕಿವಿಗೆ ಚುಚ್ಚು. ಪ್ಲೇಯರ್ ಕೆಟ್ಟಿಲ್ಲ, ರೆಕಾರ್ಡನ್ನು ಕೊರೆದದ್ದೇ ಹಾಗೆ. ಮಂದ್ರವನ್ನು ಇದ್ದ ಹಾಗೇ ಕೊರೆದರೆ ಗೀರು ಓಲಾಡಿ ಪಕ್ಕದ ಗೀರಿಗೆ ನುಗ್ಗುತ್ತದೆ. ತಾರವನ್ನು ಇದ್ದ ಹಾಗೇ ಬಿಟ್ಟರೆ ರೆಕಾರ್ಡಿನ ಸರಸರ ಸದ್ದಿನಲ್ಲಿ ಮುಳುಗುತ್ತದೆ. ಅದಕ್ಕೇ ಕೊರೆಯುವಾಗ ಬೇಸ್ ತಗ್ಗಿಸಿ, ಟ್ರೆಬಲ್ ಎತ್ತುತ್ತಾರೆ. ಕೇಳುವಾಗ ಅದನ್ನು ತಿರುಗಿಸಿ ಸರಿಪಡಿಸುವುದು, ಜೊತೆಗೆ ಸೂಜಿಯಿಂದ ಬರುವ ನಾಲ್ಕೈದು ಮಿಲಿವೋಲ್ಟನ್ನು ನೂರು ಪಟ್ಟಿನ ಆಸುಪಾಸಿಗೆ ಹಿಗ್ಗಿಸುವುದು ಫೋನೊ ಪ್ರಿಆಂಪಿನ ಕೆಲಸ.

1948ರಲ್ಲಿ ಕೊಲಂಬಿಯಾ ಎಲ್‌ಪಿ ತಂದಾಗ ಎಷ್ಟು ತಗ್ಗಿಸಬೇಕು, ಎಷ್ಟು ಎತ್ತಬೇಕು ಎಂಬುದರಲ್ಲಿ ಕಂಪನಿಗೊಂದು ಲೆಕ್ಕ. ಆ ಕಾಲದ ಒಳ್ಳೆಯ ಪ್ರಿಆಂಪುಗಳ ಮುಖದ ಮೇಲೆ ಅದಕ್ಕೆಂದೇ ಒಂದು ತಿರುಗುಗುಂಡಿ ಇರುತ್ತಿತ್ತು. 1954ರಲ್ಲಿ ಅಮೆರಿಕದ ರೆಕಾರ್ಡಿಂಗ್ ಉದ್ಯಮದ ಸಂಘ ಆರ್‌ಐಎಎ ಒಂದೇ ರೇಖೆಯನ್ನು ಗೊತ್ತುಮಾಡಿತು. ಅದರ ಮೂರು ತಿರುವುಗಳ ಕಾಲಸ್ಥಿರಾಂಕಗಳು: 3180, 318 ಮತ್ತು 75 ಮೈಕ್ರೊಸೆಕೆಂಡು. ಈ ಮೂರು ಅಂಕಿಗಳು ಪ್ರಿಆಂಪ್ ಕಟ್ಟುವವರಿಗೆ ಬಾಯಿಪಾಠ. ಇದರಂತೆ 20 ಹರ್ಟ್ಜ್‌ಗೆ ಸಿಗುವ ವರ್ಧನೆ 20 ಕಿಲೊಹರ್ಟ್ಜ್‌ಗೆ ಸಿಗುವುದರ ಸುಮಾರು 88 ಪಟ್ಟು. ಇಷ್ಟು ಓರೆಯಾದ ಆಂಪ್ಲಿಫೈಯರನ್ನು ಬೇರಾವ ಕೆಲಸಕ್ಕೂ ಮನೆಯಲ್ಲಿ ಯಾರೂ ಕಟ್ಟುವುದಿಲ್ಲ.

ಹವ್ಯಾಸಿಗಳ ಕೈಗೆ ಪ್ರಿಆಂಪ್ ಬಂದದ್ದು ಬ್ರಿಟನ್ನಿನ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಿಂದ ಎನ್ನಬಹುದು. 1947ರಲ್ಲಿ ಅದರಲ್ಲಿ ಪವರ್ ಆಂಪ್ಲಿಫೈಯರ್ ಪ್ರಕಟಿಸಿದ ಡಿ. ಟಿ. ಎನ್. ವಿಲಿಯಮ್ಸನ್, 1949ರಲ್ಲಿ ಅದಕ್ಕೊಪ್ಪುವ ಪ್ರಿಆಂಪಿನ ನಕ್ಷೆಯನ್ನೂ ಕೊಟ್ಟರು. ಆಗ ವಾಲ್ವುಗಳ ಕಾಲ. ವಾಲ್ವಿನ ಹೀಟರಿಗೆ ಎಸಿ ಕೊಟ್ಟರೆ ಗುಂಯ್ ಎನ್ನುವ ಹಮ್ ಖಚಿತ, ಡಿಸಿ ಕೊಟ್ಟವರು ಗೆದ್ದರು. ಟ್ರಾನ್ಸಿಸ್ಟರ್ ಬಂದ ಮೇಲೆ ಹೀಟರೇ ಇಲ್ಲ. ಆದರೆ ಎರಡೇ ಟ್ರಾನ್ಸಿಸ್ಟರಿನ ಸರಳ ನಕ್ಷೆಯಲ್ಲಿ ಬೇಸನ್ನು ಅಷ್ಟು ಎತ್ತಿದ ಮೇಲೆ ಫೀಡ್‌ಬ್ಯಾಕಿಗೆ, ಅಂದರೆ ಹೊರಬಂದ ಸಂಕೇತದ ಒಂದು ಪಾಲನ್ನು ಒಳಕ್ಕೆ ಮರಳಿಸಿ ತಿದ್ದುವುದಕ್ಕೆ, ವರ್ಧನೆ ಏನೂ ಉಳಿಯುತ್ತಿರಲಿಲ್ಲ; ಮಂದ್ರ ಸೊರಗುತ್ತಿತ್ತು. ಹಮ್ಮಿನ ಮರೆಯಲ್ಲಿದ್ದ 'ಹಿಸ್' ಕೂಡ ಈಗ ಕೇಳತೊಡಗಿತು. 1972ರಲ್ಲಿ ಅದೇ ಪತ್ರಿಕೆಯಲ್ಲಿ ಎಚ್. ಪಿ. ವಾಕರ್ ಅದರ ಮೂಲ ತೋರಿಸಿದರು: ಷಂಟ್ ಫೀಡ್‌ಬ್ಯಾಕಿನಲ್ಲಿ ಸಂಕೇತದ ದಾರಿಗೆ ಅಡ್ಡ ಕೂರುವ 47 ಕಿಲೊಓಮ್ ರೆಸಿಸ್ಟರೇ ಸದ್ದು ಮಾಡುತ್ತದೆ, ಸೀರೀಸ್ ಫೀಡ್‌ಬ್ಯಾಕ್ ಎಷ್ಟೋ ಮೌನಿ.

ನನ್ನ ಮಟ್ಟಿಗೆ ಈ ಕಥೆಯ ದೊಡ್ಡ ತಿರುವು 1979. ಆ ವರ್ಷ ಸ್ಟ್ಯಾನ್ಲಿ ಲಿಪ್‌ಶಿಟ್ಜ್ ಬರೆದ ಪ್ರಬಂಧ ಆರ್‌ಐಎಎ ಜಾಲಗಳ ಲೆಕ್ಕವನ್ನು ಮೊದಲಿನಿಂದ ಕಟ್ಟಿತು. ಫೀಡ್‌ಬ್ಯಾಕ್ ಜಾಲದ ರೆಸಿಸ್ಟರ್, ಕೆಪಾಸಿಟರುಗಳು ಒಂದಕ್ಕೊಂದು ತಗಲಿಕೊಂಡಿರುತ್ತವೆ. ಅವನ್ನು ಬಿಡಿಬಿಡಿಯಾಗಿ ಗುಣಿಸಿದ್ದೇ ಅನೇಕರ ತಪ್ಪು. ಇನ್ನೊಂದು ಸೂಕ್ಷ್ಮವೂ ಇದೆ. ನಾನ್-ಇನ್ವರ್ಟಿಂಗ್ ಹಂತದ ವರ್ಧನೆ ಒಂದಕ್ಕಿಂತ ಕೆಳಗಿಳಿಯಲಾರದು, ಆದ್ದರಿಂದ ತಾರದ ತುದಿ ಇಳಿಯುತ್ತಲೇ ಇರಬೇಕಾದಲ್ಲಿ ಮಟ್ಟಸವಾಗಿಬಿಡುತ್ತದೆ. ಹೊರದಾರಿಯಲ್ಲಿ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಇಟ್ಟರೆ ಅದು ಸರಿಹೋಗುತ್ತದೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಬಂದ ಎನ್‌ಇ5532 ಆಪ್-ಆಂಪ್ ಎರಡೂ ಚಾನೆಲ್ಲುಗಳನ್ನು ಎಂಟು ಕಾಲಿನ ಒಂದು ಚಿಪ್ಪಿನಲ್ಲಿ ಮುಗಿಸಿತು. ಇವತ್ತಿಗೂ ಅದನ್ನು ಹಳೆಯದೆಂದು ಮೂಗು ಮುರಿಯುವವರನ್ನು ಕಂಡರೆ ನನಗೆ ನಗು ಬರುತ್ತದೆ.

1982ರಲ್ಲಿ ಸಿಡಿ ಬಂತು. ಕ್ರಮೇಣ ಆಂಪ್ಲಿಫೈಯರುಗಳ ಬೆನ್ನಿಂದ 'ಫೋನೊ' ಸಾಕೆಟ್ ಕಾಣೆಯಾಯಿತು. ಹಾಗಾಗಿಯೇ ಎಲ್‌ಪಿ ಮರಳಿದಾಗ ಬೇರೆಯದೇ ಪೆಟ್ಟಿಗೆ ಬೇಕಾಯಿತು. 2020ರಲ್ಲಿ ಅಮೆರಿಕದಲ್ಲಿ ಎಲ್‌ಪಿಯ ಆದಾಯ ಸಿಡಿಯನ್ನು ದಾಟಿತು. ಇಲ್ಲಿ ಮಾತ್ರ, ಹಿಂದೆ ನಮ್ಮ ಮನೆಗಳ ಅಗ್ಗದ ಪ್ಲೇಯರುಗಳಲ್ಲಿ ಸಾಮಾನ್ಯವಾಗಿ ಇದ್ದದ್ದು ಸೆರಾಮಿಕ್ ಕಾರ್ಟ್ರಿಜ್. ಅದರ ಜೋರು ಸಂಕೇತಕ್ಕೆ ಪ್ರಿಆಂಪ್ ಬೇಕಿರಲಿಲ್ಲ. ಮ್ಯಾಗ್ನೆಟ್ ಕಾರ್ಟ್ರಿಜ್ ಹಾಕಿಕೊಂಡ ಮೇಲೆಯೇ ಬೆಂಗಳೂರಿನವರು ಪ್ರಿಆಂಪಿನ ಬಿಡಿಭಾಗಗಳಿಗೆ ಎಸ್‌.ಪಿ. ರೋಡಿನ ಅಂಗಡಿಗಳನ್ನು ಸುತ್ತತೊಡಗಿದ್ದು.

ನಕ್ಷೆ ಇಷ್ಟು ಪಳಗಿದ ಮೇಲೆ ಉಳಿದ ದೋಷಗಳೆಲ್ಲ ಹೆಚ್ಚಾಗಿ ಪೆಟ್ಟಿಗೆಯ ಹೊರಗಿನವು. ಒಂದು ಕಡೆ ಮಾತ್ರ ಸದ್ದಿಲ್ಲವೇ? ಪ್ಲೇಯರಿನಿಂದ ಪ್ರಿಆಂಪಿಗೆ ಬರುವ ಎಡಬಲದ ತಂತಿ ಅದಲುಬದಲು ಮಾಡಿ. ಮೌನವೂ ಜಾಗ ಬದಲಿಸಿದರೆ ತಪ್ಪು ಪ್ರಿಆಂಪಿನದಲ್ಲ. ಸೂಜಿಯ ಹಿಂದಿನ ಬಿಳಿ, ನೀಲಿ, ಕೆಂಪು, ಹಸಿರು ತಂತಿಗಳ ಹಿಡಿಕೆ ನೋಡಿ. ಬಿಳಿ-ನೀಲಿ ಎಡಕ್ಕೆ, ಕೆಂಪು-ಹಸಿರು ಬಲಕ್ಕೆ. 'ಸ'ಕಾರ ಸೀಟಿ ಹೊಡೆಯುತ್ತಿದ್ದರೆ ಮೊದಲು ಸವೆದ ಸೂಜಿ, ಅದರ ತೂಕ, ಆಮೇಲೆ ಕೇಬಲ್. ಕಾರ್ಟ್ರಿಜ್ಜಿನ 500 ಮಿಲಿಹೆನ್ರಿಯ ಕಾಯಿಲು ಕೇಬಲ್ಲಿನ 250 ಪಿಕೊಫ್ಯಾರಡ್ ಜೊತೆ ಸೇರಿ ಸುಮಾರು 14 ಕಿಲೊಹರ್ಟ್ಜ್‌ನಲ್ಲಿ ಅನುರಣಿಸುತ್ತದೆ. ಕೇಬಲ್ ಉದ್ದವಾದಷ್ಟೂ ಆ ಗುಡ್ಡ ಕೆಳಗಿಳಿದು ಕಿವಿಯ ಹತ್ತಿರ ಬರುತ್ತದೆ. ರೇಡಿಯೊದ ವಾರ್ತೆ ಸಣ್ಣಗೆ ಕೇಳಿದರೆ ಒಳದಾರಿಯಲ್ಲಿ ಫೆರೈಟ್ ಮಣಿಯೊಂದನ್ನು ಪೋಣಿಸಿ.

ಹಮ್ ಮಾತ್ರ ವಾಲ್ವಿನ ಕಾಲದಿಂದ ಬಿಟ್ಟು ಹೋಗಿಲ್ಲ, ಅದಕ್ಕೆ ಕಾರಣವೂ ಇದೆ. ನಮ್ಮ ಕರೆಂಟಿನ 50 ಹರ್ಟ್ಜ್ ಆರ್‌ಐಎಎ ರೇಖೆಯ ಮೊದಲ ತಿರುವಿನ ಮೇಲೆಯೇ ಕೂತಿದೆ. ನಡುಸ್ಥಾಯಿಗಿಂತ ಅದಕ್ಕೆ ಸಿಗುವ ವರ್ಧನೆ ಸುಮಾರು ಏಳು ಪಟ್ಟು. ಒರಟಾದ 100 ಹರ್ಟ್ಜ್ ಝೇಂಕಾರವಾದರೆ ಪವರ್ ಸಪ್ಲೈಯನ್ನು ಅನುಮಾನಿಸಿ, ಮೆತ್ತಗಿನ 50 ಆದರೆ ಅರ್ಥ್ ತಂತಿಯನ್ನೋ ಟ್ರಾನ್ಸ್‌ಫಾರ್ಮರನ್ನೋ. ನಾನು ಮೊದಲು ಕಟ್ಟಿದ ಪ್ರಿಆಂಪಿನಲ್ಲಿ ಮೂರು ರಾತ್ರಿ ಬೆಸುಗೆ ಬಿಚ್ಚಿ ಬೆಸೆದು ಮಾಡಿದೆ. ಕೊನೆಗೆ ಸಿಟ್ಟಿನಲ್ಲಿ ಟ್ರಾನ್ಸ್‌ಫಾರ್ಮರಿನ ಸ್ಕ್ರೂ ಕಳಚಿ ಕೈಯಲ್ಲಿ ತಿರುಗಿಸಿದೆ. ತಿರುಗಿಸಿದಂತೆ ಹಮ್ ಏರಿತು, ಇಳಿಯಿತು. ಅದನ್ನು ಬೇರೆ ಡಬ್ಬಿಗೆ ಹಾಕಿ ಎರಡಡಿ ಆಚೆ ಇಟ್ಟೆ. ಗುಂಯ್ ಸದ್ದು ನಿಂತಿತು. ಅಷ್ಟು ದಿನ ಅದರಡಿ ಅಡಗಿದ್ದ ಮೋಟಾರಿನ ಗುಡುಗುಡು ಆಗ ಸ್ಪಷ್ಟವಾಗಿ ಕೇಳಿಸಿತು.