ಬಾಡಿಗೆ ಕಾರಿನ ಅಪಘಾತ: ಹೊಣೆಗಾರಿಕೆ ಮತ್ತು ವಿಮಾ ರಕ್ಷಣೆ (ಸಾರ್ವಜನಿಕರ ಮಾಹಿತಿಗಾಗಿ)

ಕಾರನ್ನು ಬಾಡಿಗೆಗೆ ಪಡೆದು ಸ್ವತಃ ಚಲಾಯಿಸುವ ಪದ್ಧತಿಯು ರಾಜ್ಯದ ನಗರಗಳಲ್ಲಿ ಬಹುವಾಗಿ ಬಳಕೆಗೆ ಬಂದಿದೆ. ಇಂತಹ ಕಾರು ಅಪಘಾತಕ್ಕೀಡಾದಲ್ಲಿ ಯಾವ ನಷ್ಟವನ್ನು ಯಾರು ಭರಿಸತಕ್ಕದ್ದು ಎಂಬ ಬಗ್ಗೆ ಈ ಕೆಳಗಿನ ಮಾಹಿತಿಯನ್ನು ನೀಡಲಾಗಿದೆ. "ಕಾರಿಗೆ ವಿಮೆ ಇದೆ" ಎಂಬ ಒಂದೇ ಮಾತನ್ನು ನಂಬಿ ಬಾಡಿಗೆದಾರರು ನಿಶ್ಚಿಂತರಾಗುವುದು ಸಾಮಾನ್ಯ. ಆದರೆ ಸದರಿ ವಿಮೆಯು ಮೊದಲು ರಕ್ಷಿಸುವುದು ರಸ್ತೆಯಲ್ಲಿರುವ ಮೂರನೇ ವ್ಯಕ್ತಿಯನ್ನು, ನಂತರ ಕಾರಿನ ಮಾಲೀಕರನ್ನು. ಚಾಲಕನ ಆಸನದಲ್ಲಿ ಕುಳಿತ ಬಾಡಿಗೆದಾರರಿಗೆ ಅದರಿಂದ ದೊರೆಯುವ ರಕ್ಷಣೆಯು ಇವೆರಡಕ್ಕಿಂತಲೂ ಕಡಿಮೆ.

ಚಾಲಕ ಸಹಿತವಾಗಿ ಟ್ಯಾಕ್ಸಿ ಪಡೆದವರ ಸ್ಥಿತಿ ಬೇರೆ. ಅಲ್ಲಿ ಚಾಲಕನ ನಿರ್ಲಕ್ಷ್ಯದ ಹೊಣೆಯು ಚಾಲಕ ಮತ್ತು ಮಾಲೀಕರದ್ದಾಗಿದ್ದು, ಪ್ರಯಾಣಿಕರು ಪರಿಹಾರ ಕೇಳುವವರೇ ಹೊರತು ಕೊಡುವವರಲ್ಲ.

ಕಾರನ್ನು ಪಡೆಯುವ ಮುನ್ನ

ಸ್ವಯಂ ಚಾಲನೆಗೆ ಕಾರುಗಳನ್ನು ಬಾಡಿಗೆಗೆ ನೀಡುವ ಸಂಸ್ಥೆಯು 1989ರ ರೆಂಟ್ ಎ ಕ್ಯಾಬ್ ಯೋಜನೆಯಡಿ ಪರವಾನಗಿ ಪಡೆದಿರತಕ್ಕದ್ದು. ಅಂತಹ ಕಾರುಗಳ ನೋಂದಣಿ ಫಲಕವು ಕಪ್ಪು ಹಿನ್ನೆಲೆಯಲ್ಲಿ ಹಳದಿ ಅಕ್ಷರಗಳನ್ನು ಹೊಂದಿರುತ್ತದೆ; ವಿದ್ಯುತ್ ಚಾಲಿತ ಕಾರುಗಳ ಫಲಕ ಮಾತ್ರ ಹಸಿರು. ಬಿಳಿ ಫಲಕದ ಕಾರು ಖಾಸಗಿ ಬಳಕೆಯದು. ಅದನ್ನು ಬಾಡಿಗೆಗೆ ನೀಡುವುದು ಪರವಾನಗಿಯ ಉಲ್ಲಂಘನೆಯಷ್ಟೇ ಅಲ್ಲ, ವಿಮಾ ಪಾಲಿಸಿಯ ಷರತ್ತಿನ ಉಲ್ಲಂಘನೆಯೂ ಹೌದು. ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 150ರ ಪ್ರಕಾರ, ಬಾಡಿಗೆಯ ಪರವಾನಗಿ ಇಲ್ಲದ ವಾಹನವನ್ನು ಬಾಡಿಗೆಗೆ ಬಳಸಿದಾಗ ವಿಮಾ ಕಂಪನಿಯು ತನ್ನ ಹೊಣೆಯನ್ನು ಪ್ರಶ್ನಿಸಬಹುದಾಗಿದೆ. ಕೆಲವು ನೂರು ರೂಪಾಯಿ ಕಡಿಮೆ ದರಕ್ಕೆ ಪರಿಚಯಸ್ಥರ ಬಿಳಿ ಫಲಕದ ಕಾರನ್ನು ಪಡೆಯುವವರು ಈ ಅಂಶವನ್ನು ವಿಶೇಷವಾಗಿ ಗಮನಿಸತಕ್ಕದ್ದು.

ಕಾರಿನ ನೋಂದಣಿ ಸಂಖ್ಯೆಯನ್ನು ಎಂಪರಿವಾಹನ್ ಆ್ಯಪ್‌ನಲ್ಲಿ ನಮೂದಿಸಿ ವಿಮೆಯ ಅವಧಿಯನ್ನು ಪರಿಶೀಲಿಸಬಹುದು. ವಿಮೆ ಇಲ್ಲದ ವಾಹನವನ್ನು ಚಲಾಯಿಸುವುದು ಕಲಂ 196ರಡಿ ಚಾಲಕನಿಗೂ ಅಪರಾಧವೇ. ಪಾಲಿಸಿಯು ಕೇವಲ ಮೂರನೇ ವ್ಯಕ್ತಿಯ ಹೊಣೆಯದೋ, ವಾಹನದ ಸ್ವಂತ ಹಾನಿಯನ್ನೂ ಒಳಗೊಂಡ ಪ್ಯಾಕೇಜ್ ಪಾಲಿಸಿಯೋ ಎಂಬುದನ್ನು ಸಂಸ್ಥೆಯಿಂದ ಕೇಳಿ ಪ್ರತಿಯನ್ನು ಪಡೆಯುವುದು ಉತ್ತಮ.

ಲಘು ಮೋಟಾರು ವಾಹನದ ಚಾಲನಾ ಪರವಾನಗಿಯುಳ್ಳವರು 7,500 ಕೆ.ಜಿ.ಗಿಂತ ಕಡಿಮೆ ತೂಕದ ಸಾರಿಗೆ ವಾಹನವನ್ನು ಚಲಾಯಿಸಬಹುದೆಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು 2024ರ ನವೆಂಬರ್ 6ರಂದು ಸ್ಪಷ್ಟಪಡಿಸಿದೆ. ಆದ್ದರಿಂದ ಬಾಡಿಗೆ ಕಾರಿಗೆ ಪ್ರತ್ಯೇಕ ಸಾರಿಗೆ ಪರವಾನಗಿ ಇರಲಿಲ್ಲ ಎಂಬ ಕಾರಣವೊಂದನ್ನೇ ಮುಂದಿಟ್ಟು ಪರಿಹಾರವನ್ನು ನಿರಾಕರಿಸುವಂತಿಲ್ಲ.

ಮೂರನೇ ವ್ಯಕ್ತಿಗೆ ಪರಿಹಾರ

ಬಾಡಿಗೆದಾರರ ನಿರ್ಲಕ್ಷ್ಯದಿಂದ ಪಾದಚಾರಿ, ದ್ವಿಚಕ್ರ ವಾಹನ ಸವಾರ ಅಥವಾ ಬೇರೆ ವಾಹನದಲ್ಲಿದ್ದವರಿಗೆ ಗಾಯ ಅಥವಾ ಮರಣ ಸಂಭವಿಸಿದಲ್ಲಿ, ಚಾಲಕ, ಮಾಲೀಕ ಮತ್ತು ವಿಮಾ ಕಂಪನಿ ಮೂವರನ್ನೂ ಪ್ರತಿವಾದಿಗಳನ್ನಾಗಿ ಮಾಡಲಾಗುತ್ತದೆ. ವಾಹನವು ಬೇರೊಬ್ಬರ ವಶದಲ್ಲಿತ್ತೆಂಬ ಕಾರಣಕ್ಕೆ ವಿಮಾ ಕಂಪನಿಯು ಸಾಮಾನ್ಯವಾಗಿ ಬಿಡುಗಡೆ ಹೊಂದುವುದಿಲ್ಲ. ಉತ್ತರ ಪ್ರದೇಶದ ರಾಜ್ಯ ಸಾರಿಗೆ ನಿಗಮವು ಬಾಡಿಗೆಗೆ ಪಡೆದಿದ್ದ ಬಸ್ಸಿನ ಅಪಘಾತ ಪ್ರಕರಣದಲ್ಲಿ, ವಾಹನದೊಡನೆ ಅದರ ವಿಮೆಯೂ ವರ್ಗಾವಣೆಯಾದಂತೆ ಭಾವಿಸತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ತೀರ್ಪಿತ್ತಿದೆ.

ಷರತ್ತು ಮುರಿದಾಗ ಮಾತ್ರ ಲೆಕ್ಕ ಬದಲಾಗುತ್ತದೆ. ಪರವಾನಗಿ ಇಲ್ಲದವರು ಕಾರು ನಡೆಸಿದ್ದರೆ, ಅಥವಾ ಚಾಲಕನ ರಕ್ತದಲ್ಲಿ 100 ಮಿಲಿಲೀಟರಿಗೆ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಕಂಡುಬಂದಿದ್ದರೆ, ವಿಮಾ ಕಂಪನಿಯು ತಕರಾರು ಎತ್ತಬಹುದು. ಅಂತಹ ಅನೇಕ ಪ್ರಕರಣಗಳಲ್ಲಿ ನ್ಯಾಯಾಲಯಗಳು, ಕಂಪನಿಯು ಸಂತ್ರಸ್ತರಿಗೆ ಮೊದಲು ಹಣ ಪಾವತಿಸಿ ತರುವಾಯ ಹೊಣೆಗಾರರಿಂದ ವಸೂಲಿ ಮಾಡಿಕೊಳ್ಳುವಂತೆ ಆದೇಶಿಸಿವೆ. ಸಂತ್ರಸ್ತರಿಗೆ ಇದರಿಂದ ಅನುಕೂಲ. ಆದರೆ ಲಕ್ಷಾಂತರ ರೂಪಾಯಿಗಳ ವಸೂಲಿಯ ನೋಟೀಸು ವರ್ಷಗಳ ನಂತರ ಬರುವುದು ತಪ್ಪಿತಸ್ಥರ ಮನೆಗೇ.

ಕ್ರಿಮಿನಲ್ ಹೊಣೆಗೆ ಯಾವ ವಿಮೆಯೂ ಇಲ್ಲ. ಅಜಾಗರೂಕ ಚಾಲನೆಯ ಪ್ರಕರಣವು ಚಾಲನೆ ಮಾಡಿದವರ ಮೇಲೆಯೇ ದಾಖಲಾಗುತ್ತದೆ.

ಬಾಡಿಗೆದಾರರಿಗೇ ಗಾಯ ಅಥವಾ ಮರಣ ಸಂಭವಿಸಿದಲ್ಲಿ

ಹೆಚ್ಚಿನ ತಪ್ಪು ತಿಳಿವಳಿಕೆ ಇರುವುದು ಈ ವಿಷಯದಲ್ಲಿಯೇ. ಬೇರೆ ವಾಹನದ ಚಾಲಕನ ತಪ್ಪಿನಿಂದ ಅಪಘಾತವಾಗಿದ್ದಲ್ಲಿ, ಬಾಡಿಗೆದಾರರು ಆ ವಾಹನದ ಮಾಲೀಕ ಮತ್ತು ವಿಮಾ ಕಂಪನಿಯ ವಿರುದ್ಧ ಇತರರಂತೆಯೇ ಪರಿಹಾರ ಕೇಳಬಹುದು. ಆದರೆ ಕಾರು ಮರಕ್ಕೋ ವಿಭಜಕಕ್ಕೋ ಬಡಿದಿದ್ದರೆ, ಅಥವಾ ತಪ್ಪು ಬಾಡಿಗೆದಾರರದ್ದೇ ಆಗಿದ್ದರೆ, ಬಾಡಿಗೆ ಕಾರಿನ ಮೂರನೇ ವ್ಯಕ್ತಿಯ ವಿಮೆಯಿಂದ ಅವರಿಗೆ ಪರಿಹಾರ ದೊರೆಯುವುದು ಕಷ್ಟ.

ಈ ತತ್ತ್ವವನ್ನು ಸ್ಥಾಪಿಸಿದ ಪ್ರಮುಖ ತೀರ್ಪೊಂದು ಕರ್ನಾಟಕದ ಪ್ರಕರಣದಿಂದಲೇ ಬಂದಿದೆ. ಬೇರೊಬ್ಬರ ಮೋಟಾರು ಸೈಕಲನ್ನು ಕೇಳಿ ಪಡೆದು ಇಳಕಲ್‌ನಿಂದ ತಮ್ಮೂರಿಗೆ ಹೊರಟಿದ್ದ ವ್ಯಕ್ತಿಯೊಬ್ಬರು, ಕಬ್ಬಿಣದ ತಗಡು ಹೇರಿದ್ದ ಎತ್ತಿನ ಗಾಡಿಯು ಮುಂದೆ ಹಠಾತ್ತನೆ ನಿಂತಾಗ ಅದಕ್ಕೆ ಬಡಿದು ಮೃತಪಟ್ಟಿದ್ದರು. ವಾಹನವನ್ನು ಎರವಲು ಪಡೆದವರು ಮಾಲೀಕರ ಸ್ಥಾನದಲ್ಲಿಯೇ ನಿಂತಂತೆ. ಮಾಲೀಕರು ತಮ್ಮಿಂದ ತಾವೇ ಪರಿಹಾರ ಕೇಳಲಾಗದು. ಆದುದರಿಂದ ಅಂದಿನ ಕಲಂ 163ಎ ಅಡಿಯಲ್ಲಿ ವಾರಸುದಾರರ ಅರ್ಜಿಯು ಊರ್ಜಿತವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2009ರಲ್ಲಿ ಹೇಳಿತು. ಕಲಂ 166ರಡಿ ಪರಿಹಾರ ಸಲ್ಲುವುದೇ ಎಂಬುದನ್ನು ಪರಿಶೀಲಿಸುವಂತೆ ಪ್ರಕರಣವನ್ನು ಉಚ್ಚ ನ್ಯಾಯಾಲಯಕ್ಕೆ ಮರಳಿಸಲಾಯಿತು. ಹಣ ಕೊಟ್ಟು ಕಾರನ್ನು ವಶಕ್ಕೆ ಪಡೆದವರ ವಿಷಯದಲ್ಲಿಯೂ ವಿಮಾ ಕಂಪನಿಗಳು ಇದೇ ವಾದವನ್ನು ಮುಂದಿಡುವ ಸಂಭವವಿದೆ.

ವೈಯಕ್ತಿಕ ಅಪಘಾತ ವಿಮೆಯೂ ಇಲ್ಲಿ ನೆರವಿಗೆ ಬರುವುದಿಲ್ಲ. ವಾಹನ ವಿಮೆಯೊಡನೆ ಬರುವ 15 ಲಕ್ಷ ರೂಪಾಯಿಗಳ ರಕ್ಷಣೆಯು "ಮಾಲೀಕ-ಚಾಲಕ"ರಿಗೆ, ಅಂದರೆ ತಮ್ಮದೇ ಹೆಸರಿನ ವಾಹನವನ್ನು ನಡೆಸುವವರಿಗೆ ಮಾತ್ರ. ಕಾರು ಕಂಪನಿಯ ಹೆಸರಿನಲ್ಲಿ ನೋಂದಣಿಯಾಗಿದ್ದರೆ ಆ ರಕ್ಷಣೆಗೆ ಆಸ್ಪದವೇ ಇಲ್ಲ. ಆದಕಾರಣ ಸ್ವಯಂ ಚಾಲನೆಯ ಕಾರನ್ನು ಪಡೆಯುವವರು ತಮ್ಮ ಹೆಸರಿನಲ್ಲಿ ಪ್ರತ್ಯೇಕ ಅಪಘಾತ ವಿಮೆ ಹೊಂದಿರುವುದು ಅವಶ್ಯ. ವಾರ್ಷಿಕ 20 ರೂಪಾಯಿ ಪ್ರೀಮಿಯಂನ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯೂ ಅಪಘಾತದ ಮರಣಕ್ಕೆ 2 ಲಕ್ಷ ರೂಪಾಯಿ ನೀಡುತ್ತದೆ. ವಾಹನ ಯಾರದೆಂಬ ಪ್ರಶ್ನೆ ಅಲ್ಲಿ ಬರುವುದಿಲ್ಲ. ಜೊತೆಯಲ್ಲಿ ಪ್ರಯಾಣಿಸುವ ಕುಟುಂಬದವರ ರಕ್ಷಣೆಯು ಪಾಲಿಸಿಯಲ್ಲಿ ಪ್ರಯಾಣಿಕರ ಹೊಣೆಗಾಗಿ ಪ್ರೀಮಿಯಂ ಪಾವತಿಯಾಗಿದೆಯೇ ಎಂಬುದನ್ನು ಅವಲಂಬಿಸಿದೆ.

ಕಾರಿಗೆ ಆದ ಹಾನಿ

ಪ್ಯಾಕೇಜ್ ಪಾಲಿಸಿಯಿದ್ದರೂ ವಿಮಾದಾರರು ಬಾಡಿಗೆ ಸಂಸ್ಥೆಯೇ ಹೊರತು ಬಾಡಿಗೆದಾರರಲ್ಲ. ಇವರಿಬ್ಬರ ನಡುವಿನ ಲೆಕ್ಕವನ್ನು ಬಾಡಿಗೆ ಕರಾರು ಮತ್ತು ಭಾರತೀಯ ಕರಾರು ಅಧಿನಿಯಮ, 1872 ನಿರ್ಧರಿಸುತ್ತವೆ. ಕಲಂ 151ರ ಪ್ರಕಾರ ಬಾಡಿಗೆದಾರರು ಸಾಮಾನ್ಯ ವಿವೇಕವುಳ್ಳ ವ್ಯಕ್ತಿಯು ತನ್ನ ಸ್ವಂತ ವಸ್ತುವಿನ ಬಗ್ಗೆ ವಹಿಸುವಷ್ಟು ಎಚ್ಚರಿಕೆ ವಹಿಸತಕ್ಕದ್ದು. ಕಲಂ 154 ಇನ್ನೂ ಕಠಿಣವಾದುದು. ಷರತ್ತಿಗೆ ವಿರುದ್ಧವಾದ ಬಳಕೆಯ ಸಮಯದಲ್ಲಿ ಹಾನಿಯಾದಲ್ಲಿ, ಎಚ್ಚರಿಕೆ ವಹಿಸಿದ್ದರೂ ನಷ್ಟ ತುಂಬಿಕೊಡಬೇಕಾಗುತ್ತದೆ. ಕರಾರಿನಲ್ಲಿ ಹೆಸರಿಲ್ಲದ ಸ್ನೇಹಿತರಿಗೆ ಸಕಲೇಶಪುರದ ಘಾಟಿಯಲ್ಲಿ ಅರ್ಧ ಗಂಟೆ ಸ್ಟಿಯರಿಂಗ್ ಒಪ್ಪಿಸುವುದು ಇಂತಹ ಬಳಕೆಯೇ.

ಕಾನೂನು ಸಂಸ್ಥೆಯ ಮೇಲೂ ಹೊಣೆ ಹೊರಿಸಿದೆ. ಕಲಂ 150ರ ಪ್ರಕಾರ, ಬಾಡಿಗೆಗೆ ಕೊಟ್ಟ ವಸ್ತುವಿನಲ್ಲಿ ದೋಷವಿದ್ದು ಅದರಿಂದ ನಷ್ಟವಾದಲ್ಲಿ, ಆ ದೋಷ ತನಗೆ ತಿಳಿದಿರಲಿಲ್ಲ ಎಂದು ಕೊಟ್ಟವರು ಹೇಳಿ ತಪ್ಪಿಸಿಕೊಳ್ಳುವಂತಿಲ್ಲ. ಬ್ರೇಕ್ ವಿಫಲವಾಗಿಯೋ, ಸವೆದ ಟೈರು ಸಿಡಿದೋ ಅಪಘಾತವಾಗಿದ್ದಲ್ಲಿ ಈ ಕಲಂ ಬಾಡಿಗೆದಾರರ ಮುಖ್ಯ ಆಧಾರ. ಅದಕ್ಕಾಗಿ ವಾಹನವನ್ನು ದುರಸ್ತಿಗೆ ಒಯ್ಯುವ ಮುನ್ನ ಮೋಟಾರು ವಾಹನ ನಿರೀಕ್ಷಕರ ತಪಾಸಣೆ ನಡೆದು ದೋಷವು ವರದಿಯಲ್ಲಿ ದಾಖಲಾಗಬೇಕು. ಗ್ಯಾರೇಜು ಸೇರಿದ ನಂತರ ಸಾಕ್ಷ್ಯ ಉಳಿಯುವುದಿಲ್ಲ.

ಬುಕಿಂಗ್ ಸಮಯದಲ್ಲಿ ಹೆಚ್ಚುವರಿ ಹಣಕ್ಕೆ ನೀಡಲಾಗುವ "ಹಾನಿ ರಕ್ಷಣಾ ಯೋಜನೆ"ಯು ಬಹುತೇಕ ವಿಮೆಯಲ್ಲ. ಒಂದು ಮಿತಿಯವರೆಗೆ ಮಾತ್ರ ವಸೂಲಿ ಮಾಡುವುದಾಗಿ ಸಂಸ್ಥೆ ಕೊಡುವ ಭರವಸೆಯಷ್ಟೇ. ಮದ್ಯಪಾನ, ಅನಧಿಕೃತ ಚಾಲಕ, ತಡವಾದ ವರದಿ ಇತ್ಯಾದಿ ಕಾರಣಗಳಿಗೆ ಅದು ರದ್ದಾಗುವುದನ್ನು ಕರಾರಿನಲ್ಲಿ ಓದಿಕೊಳ್ಳತಕ್ಕದ್ದು. ಮಳೆಗಾಲದಲ್ಲಿ ನೀರು ನಿಂತ ಕೆಳಸೇತುವೆಯಲ್ಲಿ ಎಂಜಿನ್‌ಗೆ ನೀರು ನುಗ್ಗಿ ಆಗುವ ಹಾನಿಯನ್ನು ವಿಶೇಷ ಸೇರ್ಪಡೆ ಇಲ್ಲದ ಪಾಲಿಸಿಗಳು ಸಾಮಾನ್ಯವಾಗಿ ಭರಿಸುವುದಿಲ್ಲ. ಕಾರು ದುರಸ್ತಿಯಲ್ಲಿದ್ದ ದಿನಗಳ ಬಾಡಿಗೆ ನಷ್ಟವೂ ಸಾಮಾನ್ಯ ಪಾಲಿಸಿಯಲ್ಲಿ ಸೇರಿರುವುದಿಲ್ಲ. ಸಂಸ್ಥೆಗಳು ಅದನ್ನು ಠೇವಣಿಯಿಂದ ಮುರಿದುಕೊಳ್ಳುತ್ತವೆ.

ಅಪಘಾತವಾದ ಕೂಡಲೇ

ಕಲಂ 134ರ ಪ್ರಕಾರ ಗಾಯಾಳುಗಳಿಗೆ ವೈದ್ಯಕೀಯ ನೆರವು ಒದಗಿಸುವುದು ಚಾಲಕನ ಮೊದಲ ಕರ್ತವ್ಯ. 108 ಅಥವಾ 112ಕ್ಕೆ ಕರೆ ಮಾಡಬಹುದು. ಸ್ಥಳದಲ್ಲಿ ಪೊಲೀಸರು ಇಲ್ಲದಿದ್ದಲ್ಲಿ ಹತ್ತಿರದ ಠಾಣೆಗೆ ಆದಷ್ಟು ಬೇಗ, ಹೆಚ್ಚೆಂದರೆ 24 ಗಂಟೆಗಳೊಳಗೆ ವರದಿ ಮಾಡತಕ್ಕದ್ದು. ವಿಮಾ ಕಂಪನಿಗೂ ಪಾಲಿಸಿ ಸಂಖ್ಯೆ, ದಿನಾಂಕ, ಸ್ಥಳ, ಗಾಯಗೊಂಡವರ ಹಾಗೂ ಚಾಲಕನ ವಿವರಗಳನ್ನು ಲಿಖಿತವಾಗಿ ತಿಳಿಸತಕ್ಕದ್ದು. ಇದನ್ನು ಸಂಸ್ಥೆ ಮಾಡುತ್ತದೆಂದು ಸುಮ್ಮನಿರದೆ, ಸಂಸ್ಥೆಗೆ ಕಳುಹಿಸಿದ ಸಂದೇಶದ ಪ್ರತಿಯನ್ನಾದರೂ ಇರಿಸಿಕೊಳ್ಳುವುದು ಲೇಸು. 2025ರ ಮೇ ತಿಂಗಳಲ್ಲಿ ಅಧಿಸೂಚಿಸಲಾದ ನಗದುರಹಿತ ಚಿಕಿತ್ಸಾ ಯೋಜನೆಯಡಿ ನಿಯೋಜಿತ ಆಸ್ಪತ್ರೆಗಳಲ್ಲಿ ಪ್ರತಿ ಗಾಯಾಳುವಿಗೆ 7 ದಿನಗಳವರೆಗೆ 1.5 ಲಕ್ಷ ರೂಪಾಯಿ ಮಿತಿಯ ಚಿಕಿತ್ಸೆ ಲಭ್ಯವಿದೆ.

2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮಗಳಂತೆ ತನಿಖಾಧಿಕಾರಿಯು 48 ಗಂಟೆಗಳೊಳಗೆ ಪ್ರಥಮ ಅಪಘಾತ ವರದಿಯನ್ನು ನ್ಯಾಯಾಧಿಕರಣಕ್ಕೆ ಕಳುಹಿಸುತ್ತಾರೆ. ಚಾಲಕರು 30 ದಿನಗಳೊಳಗೆ ನಮೂನೆ 3ನ್ನು ಭರ್ತಿ ಮಾಡಿ ಕೊಡಬೇಕು. ಇದರೊಡನೆ ಬಾಡಿಗೆ ಕರಾರಿನ ಪ್ರತಿಯನ್ನೂ ನೀಡಿದಲ್ಲಿ ಮಾಲೀಕರು ಯಾರು, ವಿಮಾದಾರರು ಯಾರು ಎಂಬ ಗೊಂದಲ ಆರಂಭದಲ್ಲಿಯೇ ನಿವಾರಣೆಯಾಗುತ್ತದೆ.

ಪರಿಹಾರದ ಅರ್ಜಿ ಮತ್ತು ಇತರ ವಿವಾದಗಳು

ಗಾಯಾಳುಗಳು ಅಥವಾ ಮೃತರ ವಾರಸುದಾರರು ಮೋಟಾರು ಅಪಘಾತ ಪರಿಹಾರ ನ್ಯಾಯಾಧಿಕರಣಕ್ಕೆ ಅರ್ಜಿ ಸಲ್ಲಿಸಬಹುದು. ಅಪಘಾತ ನಡೆದ ಸ್ಥಳದ, ಅರ್ಜಿದಾರರು ವಾಸಿಸುವ ಸ್ಥಳದ ಅಥವಾ ಪ್ರತಿವಾದಿಯು ವಾಸಿಸುವ ಸ್ಥಳದ ನ್ಯಾಯಾಧಿಕರಣವನ್ನು ಆರಿಸಿಕೊಳ್ಳುವ ಅವಕಾಶವಿದೆ. ತಪ್ಪನ್ನು ಸಾಬೀತುಪಡಿಸದೆಯೇ ಕಲಂ 164ರಡಿ ಮರಣಕ್ಕೆ 5 ಲಕ್ಷ ಮತ್ತು ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಕೇಳಬಹುದು. ಹೆಚ್ಚಿನ ಪರಿಹಾರಕ್ಕೆ ಕಲಂ 166ರಡಿ ನಿರ್ಲಕ್ಷ್ಯವನ್ನು ತೋರಿಸಬೇಕು. ಅರ್ಜಿಗೆ ಅಧಿನಿಯಮವು ಆರು ತಿಂಗಳ ಮಿತಿ ವಿಧಿಸಿದೆ. ಈ ಮಿತಿಯ ಸಿಂಧುತ್ವವನ್ನು ಸರ್ವೋಚ್ಚ ನ್ಯಾಯಾಲಯದಲ್ಲಿ ಪ್ರಶ್ನಿಸಲಾಗಿದ್ದು, ಅವಧಿ ಮೀರಿದ ಕಾರಣಕ್ಕೆ ಅರ್ಜಿಗಳನ್ನು ವಜಾಗೊಳಿಸಬಾರದೆಂದು 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶವಾಗಿದೆ. ಆದಾಗ್ಯೂ ಆರು ತಿಂಗಳೊಳಗೆ ಸಲ್ಲಿಸುವುದೇ ಕ್ಷೇಮ. ವಾಹನದ ನೋಂದಣಿ ಮತ್ತು ವಿಮೆಯ ವಿವರಗಳನ್ನು ಕಲಂ 160ರಡಿ ಪೊಲೀಸ್ ಠಾಣೆ ಅಥವಾ ನೋಂದಣಿ ಪ್ರಾಧಿಕಾರದಿಂದ ಕೇಳಿ ಪಡೆಯಬಹುದು.

ಠೇವಣಿ ಹಿಂದಿರುಗಿಸದಿರುವುದು, ಹಾನಿಗಿಂತ ಹೆಚ್ಚಿನ ಮೊತ್ತ ಕೇಳುವುದು ಮುಂತಾದ ವಿವಾದಗಳು ನ್ಯಾಯಾಧಿಕರಣದ ವ್ಯಾಪ್ತಿಗೆ ಬರುವುದಿಲ್ಲ. ಬಾಡಿಗೆದಾರರು ಮೊದಲು ದುರಸ್ತಿಯ ಬಿಲ್ಲು, ವಿಮಾ ಸರ್ವೇಯರರ ವರದಿ ಮತ್ತು ವಿಮಾ ಕಂಪನಿಯಿಂದ ಸಂಸ್ಥೆಗೆ ಸಂದಾಯವಾದ ಮೊತ್ತದ ವಿವರವನ್ನು ಲಿಖಿತವಾಗಿ ಕೇಳತಕ್ಕದ್ದು. ಒಂದೇ ಹಾನಿಗೆ ಎರಡು ಕಡೆಯಿಂದ ಹಣ ಪಡೆಯಲಾಗಿದೆಯೇ ಎಂಬುದು ಈ ಮೂರು ಕಾಗದಗಳಿಂದಲೇ ತಿಳಿಯುತ್ತದೆ. ಸಮಾಧಾನಕರ ಉತ್ತರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ನ್ನು ಸಂಪರ್ಕಿಸಬಹುದು ಅಥವಾ ವಿವಾದ ಉಂಟಾದ ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗದಲ್ಲಿ ದೂರು ದಾಖಲಿಸಬಹುದು. ದೂರಿನೊಡನೆ ಕರಾರು, ಪಾವತಿ ರಸೀದಿ, ಹಾಗೂ ಕಾರನ್ನು ಪಡೆಯುವಾಗ ಮತ್ತು ಹಿಂದಿರುಗಿಸುವಾಗ ತೆಗೆದ ಛಾಯಾಚಿತ್ರಗಳನ್ನು ಲಗತ್ತಿಸತಕ್ಕದ್ದು.