ಮುತ್ಯಾನ ಪಿಂಚಣಿ ಕಾಗದ ಹೇಳದ ಮಾತು

ಆಗಸ್ಟ್ 15ರಂದು ಧ್ವಜ ಹಾರಿಸಿ ತಿಂಗಳಾಗಿರುತ್ತದೆ ಅಷ್ಟೇ. ಸೆಪ್ಟೆಂಬರ್ 17ಕ್ಕೆ ನಮ್ಮ ಹುಮನಾಬಾದ್, ಬಸವಕಲ್ಯಾಣದ ಕಡೆ ಮತ್ತೆ ಧ್ವಜ ಏರುತ್ತದೆ. ಮೈಸೂರು ಕಡೆ ಈ ಎರಡನೇ ಧ್ವಜ ಇಲ್ಲ. ಯಾಕೆಂದರೆ ನಮ್ಮ ಮುತ್ಯಾಗಳಿಗೆ ಸ್ವಾತಂತ್ರ್ಯ ಸಿಕ್ಕಿದ್ದು ಒಂದು ವರ್ಷ ತಡವಾಗಿ.

1947ರಲ್ಲಿ ಬೀದರ್ ಜಿಲ್ಲೆ ಹೈದರಾಬಾದ್ ನಿಜಾಮನ ಆಳ್ವಿಕೆಯಲ್ಲಿತ್ತು. ನಿಜಾಮ ಭಾರತಕ್ಕೆ ಸೇರಲು ಒಪ್ಪಲಿಲ್ಲ. ಖಾಸಿಂ ರಜ್ವಿಯ ರಜಾಕಾರರು ಹಳ್ಳಿಗಳಿಗೆ ನುಗ್ಗತೊಡಗಿದರು. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣದ ಹತ್ತಿರದ ಗೋರ್ಟಾ ಗ್ರಾಮದಲ್ಲಿ ಅವರು ಬಹಳ ಜನರನ್ನು ಕೊಂದರು. ಸ್ವಾಮಿ ರಮಾನಂದ ತೀರ್ಥರ ಸ್ಟೇಟ್ ಕಾಂಗ್ರೆಸ್ ಕರೆಗೆ ಓಗೊಟ್ಟ ಯುವಕರು ಕೆಲವರು ಜೈಲಿಗೆ ಹೋದರು, ಕೆಲವರು ತಲೆಮರೆಸಿಕೊಂಡರು. ಇನ್ನೂ ಕೆಲವರು ಗಡಿ ದಾಟಿ ಸೋಲಾಪುರದ ಕಡೆಯ ಶಿಬಿರಗಳನ್ನು ಸೇರಿದರು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಸೋಲಾಪುರದಿಂದ ಹೈದರಾಬಾದ್ ದಾರಿ ಹಿಡಿಯಿತು. 17ರಂದು ನಿಜಾಮ ಸೋಲೊಪ್ಪಿಕೊಂಡ.

ಆ ಯುವಕರೇ ಮುಂದೆ ನಾವು ಕಂಡ ಮುತ್ಯಾಗಳು. 1972ರಲ್ಲಿ ಕೇಂದ್ರ ಸರ್ಕಾರ ಸ್ವಾತಂತ್ರ್ಯ ಹೋರಾಟಗಾರರಿಗೆ ಪಿಂಚಣಿ ಶುರುಮಾಡಿತು. 1980ರಲ್ಲಿ ಆದಾಯದ ಮಿತಿ ತೆಗೆದು ಹೆಚ್ಚು ಜನರಿಗೆ ಕೊಟ್ಟಿತು. ಆರು ತಿಂಗಳು ಜೈಲಿನಲ್ಲಿದ್ದ ಅಥವಾ ತಲೆಮರೆಸಿಕೊಂಡಿದ್ದ ದಾಖಲೆ ಬೇಕಿತ್ತು. ಹೋರಾಟಗಾರ ತೀರಿಕೊಂಡರೆ ಹೆಂಡತಿಗೆ ಪಿಂಚಣಿ ಮುಂದುವರಿಯುತ್ತದೆ.

ಇಲ್ಲೇ ಒಂದು ಮಾತು ಯೋಚಿಸಬೇಕು. ಕಾಗದದಲ್ಲಿ ಮುತ್ಯಾ ಹೋರಾಟಗಾರ, ಆಯಿ ಅವನ ಹೆಂಡತಿ. ಅವನು ಶಿಬಿರದಲ್ಲಿದ್ದ ತಿಂಗಳುಗಳಲ್ಲಿ ಹೊಲ ಯಾರು ನೋಡಿಕೊಂಡರು? ಕೂಸುಗಳನ್ನು ಕಟ್ಟಿಕೊಂಡು ಊರು ಬಿಟ್ಟು ಓಡಿದವರು ಯಾರು? ಅಡಗಿ ಕೂತವರಿಗೆ ರೊಟ್ಟಿ ಮುಟ್ಟಿಸಿದವರು ಯಾರು? ಇದಕ್ಕೆ ಜೈಲಿನ ದಾಖಲೆ ಇರುವುದಿಲ್ಲ. ಮುತ್ಯಾ ಕೊನೆವರೆಗೂ ಆಯಿಯ ಮಾತು ಮೀರದೆ ಬಾಳಿದ್ದರೆ, ಅದರ ಹಿಂದೆ ಆ ದಿನಗಳ ಋಣವೂ ಇದ್ದೀತು. ಒಳ್ಳೆಯ ಗಂಡ, ಒಳ್ಳೆಯ ಅಜ್ಜ ಎಂದು ನೆನೆಯುವಾಗ ಈ ಋಣವನ್ನೂ ನೆನೆಯಬೇಕು.

ಇನ್ನೊಂದು ಮಾತು ಕಷ್ಟದ್ದು. ಸೇನೆ ಬಂದ ಮೇಲೆ ಈ ಭಾಗದ ಮುಸ್ಲಿಮರ ಮೇಲೆ ಸೇಡಿನ ಹಿಂಸೆ ನಡೆಯಿತು. ಅದನ್ನು ವಿಚಾರಿಸಲು ಬಂದ ಪಂಡಿತ ಸುಂದರಲಾಲ್ ಸಮಿತಿ, ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಬೀದರನ್ನೂ ಹೆಸರಿಸಿತು. ರಜಾಕಾರರೊಂದಿಗೆ ಸಂಬಂಧವೇ ಇಲ್ಲದ ಮನೆಗಳೂ ಹಾಳಾದವು. ಎಲ್ಲ ಮತಗಳನ್ನೂ ಗೌರವಿಸುವ ಸಕಲಮತ ಸಂಪ್ರದಾಯವನ್ನು ಮಾಣಿಕಪ್ರಭುಗಳು 19ನೇ ಶತಮಾನದಲ್ಲೇ ಮಾಣಿಕನಗರದಲ್ಲಿ ಕಟ್ಟಿದ್ದರು. ಅಂಥ ನೆಲದಲ್ಲಿ ಒಂದೇ ಓಣಿಯ ಅಳುವನ್ನು ಬರೆದು ಇನ್ನೊಂದು ಓಣಿಯದನ್ನು ಬಿಟ್ಟರೆ ಅದು ಅರ್ಧ ಇತಿಹಾಸ.

1948ರಲ್ಲಿ ಹದಿನೆಂಟರ ಹರೆಯದಲ್ಲಿದ್ದವರಿಗೆ ಈಗ ತೊಂಬತ್ತೈದರ ಆಸುಪಾಸು. ಉಳಿದವರು ಬೆರಳೆಣಿಕೆ. ಊರಲ್ಲಿ ಅಂಥ ಹಿರಿಯರಿದ್ದರೆ ಅವರ ಹತ್ತಿರ ಹೋಗಿ ಕೂತುಕೊಳ್ಳಿ. ನೀವು ಓದುತ್ತಿರುವ ಈ ಫೋನಿನಲ್ಲೇ ಅವರ ದನಿ ರೆಕಾರ್ಡ್ ಮಾಡಿ. ಯಾರನ್ನು ಹೊಡೆದಿರಿ ಎಂದು ಕೇಳುವ ಮೊದಲು, ಯಾರ ಮನೆಯಲ್ಲಿ ಉಂಡಿರಿ, ಯಾರು ನಿಮ್ಮನ್ನು ಬಚ್ಚಿಟ್ಟರು, ನೀವು ಯಾರನ್ನು ಉಳಿಸಿದಿರಿ ಎಂದು ಕೇಳಿ. ಊರ ಹೆಸರು, ಮನೆತನದ ಹೆಸರು ಬರೆದುಕೊಳ್ಳಿ. ಟ್ರಂಕಿನಲ್ಲಿರುವ ಪಿಂಚಣಿ ಕಾಗದ, ಹಳೆಯ ಪತ್ರಗಳ ಫೋಟೊ ತೆಗೆದಿಡಿ.

ಮುತ್ಯಾ ಇಲ್ಲದಿದ್ದರೆ ಆಯಿಯನ್ನು ಕೇಳಿ. ಇಷ್ಟು ವರ್ಷ ಆಕೆಯನ್ನು ಯಾರೂ ಕೇಳಿರಲಿಕ್ಕಿಲ್ಲ.